ತಾನೇ ನಡೆಯುವ ಗಾಡಿ

ಓರಿನ್ ಹಾವ್ಲೆಂಡ್ ಆ ಹಳೆಯ ಪಿಕಪ್ಪಿಗಾಗಿ ಒಂದಿಡೀ ವರ್ಷ ಮೈಮುರಿದು ದುಡಿದ. ತಾನು ಮಾಡುತ್ತಿರುವುದು ಪುಣ್ಯದ ಕೆಲಸ ಎಂದೇ ಅವನ ನಂಬಿಕೆ. ಒಳ್ಳೆಯವನೇ, ಪಾಪ, ಆದರೆ ಕೆಲವು ಒಳ್ಳೆಯವರಿಗೆ ಎಲ್ಲಿ ಕೈ ಹಾಕಬಾರದು ಅನ್ನುವುದು ಹೊಳೆಯುವುದೇ ಇಲ್ಲ. ಸತ್ತುಹೋದ ಅಣ್ಣ ಲಾಯ್ಡನ ಗಾಡಿ ಅದು, ಅರವತ್ತಾರನೇ ಇಸವಿಯದು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು. ತುಕ್ಕು ಕೆರೆದು, ಹಸಿರು ಬಣ್ಣ ಬಳಿದು, ಸೀಟಿಗೆ ಹೊಸ ಚರ್ಮ ಹೊಲಿಸಿ, ಅಕ್ಟೋಬರಿನ ಒಂದು ಮಧ್ಯಾಹ್ನ ಅದನ್ನು ತಂದು ಅತ್ತಿಗೆ ಸಿಗ್ನೆಯ ಅಂಗಳದಲ್ಲಿ ನಿಲ್ಲಿಸಿದ. ಅದನ್ನು ಕಂಡದ್ದೇ ಸಿಗ್ನೆ ಅಂಗಳಕ್ಕೆ ಇಳಿಯದೆ ಬಾಗಿಲಲ್ಲೇ ನಿಂತಳು.

"ಎಂಜಿನ್ ಕೇಳು ಒಂಚೂರು," ಎಂದ ಓರಿನ್. "ಮುಂಚೆ ಆಗಾಗ ಕೆಮ್ಮಿ ನಿಂತುಬಿಡ್ತಿತ್ತಲ್ಲ? ಈಗ ನಿಲ್ಲೋ ಮಾತೇ ಇಲ್ಲ."

"ಅವತ್ತು ನಿಂತಿದ್ರೆ ಸಾಕಾಗಿತ್ತು," ಎಂದಳು ಸಿಗ್ನೆ.

ಓರಿನ್ ಮುಖ ಸಪ್ಪೆಯಾಯಿತು. ಅವಳು ಒಳಗೆ ಹೋಗಿ ಒಂದು ರಟ್ಟಿನ ತುಂಡು ತಂದು, ಅದರ ಮೇಲೆ 'ಮಾರಾಟಕ್ಕಿದೆ' ಎಂದು ದಪ್ಪಗೆ ಬರೆದು ಗಾಜಿಗೆ ಸಿಕ್ಕಿಸಿಯೇಬಿಟ್ಟಳು. ಹಿಮ ಬೀಳುವುದರೊಳಗೆ ಅದು ತನ್ನ ಕಣ್ಣೆದುರಿಂದ ತೊಲಗಬೇಕು, ಅಷ್ಟೇ.

ಅವಳ ಸಿಟ್ಟಿಗೆ ಕಾರಣವಿತ್ತು. ಮೊಂಟಾನಾದ ನಮ್ಮ ಕಣಿವೆಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ದನಗಳಿಗೆ ಹಿಮದ ಮೇಲೇ ಹುಲ್ಲು ಹಾಕಬೇಕು. ಗಾಡಿಯ ತುಂಬ ಒಣಹುಲ್ಲಿನ ಪೆಂಡಿ ಹೇರಿಕೊಂಡು ಹೋಗಿ, ಗಾಡಿ ಮೆಲ್ಲಗೆ ಸಾಗುತ್ತಿದ್ದಂತೆ ಹಿಂದಿನಿಂದ ಎಸೆಯುತ್ತ ಬರಬೇಕು. ಓಡಿಸುವವನೊಬ್ಬ, ಎಸೆಯುವವನೊಬ್ಬ ಬೇಕು ಎಂದು ಯಾರಿಗಾದರೂ ಅನ್ನಿಸೀತು. ನಮ್ಮವರಿಗೆ ಅನ್ನಿಸುವುದಿಲ್ಲ. ಎಲ್ಲಕ್ಕಿಂತ ಕೆಳಗಿನ ಗೇರಿಗೆ ನಮ್ಮಲ್ಲಿ ಅಜ್ಜಿ ಗೇರು ಅನ್ನುತ್ತಾರೆ. ಗಾಡಿಯನ್ನು ಅಜ್ಜಿ ಗೇರಿಗೆ ಹಾಕಿ, ಸ್ಟೀರಿಂಗನ್ನು ಹುರಿಯಿಂದ ಬಾಗಿಲಿಗೆ ಕಟ್ಟಿ, ಇಳಿದುಬಿಡುತ್ತಾರೆ. ಗಾಡಿ ಮುದುಕಿಯ ಹಾಗೆ ತನ್ನಷ್ಟಕ್ಕೆ ತಾನೇ ನಡೆಯುತ್ತಿರುತ್ತದೆ. ಇವರು ಹಿಂದಿನಿಂದ ಹತ್ತಿ ಹುಲ್ಲು ಎಸೆಯುತ್ತಾರೆ. ಪಕ್ಕದ ಮನೆಯವರನ್ನು ಸಹಾಯಕ್ಕೆ ಕರೆಯುವುದೆಂದರೆ ಇವರಿಗೆಲ್ಲ ಪ್ರಾಣಸಂಕಟ.

ಲಾಯ್ಡನೂ ಮದುವೆಯಾದ ಕಾಲದಿಂದ ಹಾಗೇ ಮಾಡಿಕೊಂಡು ಬಂದವನು. ಮೂರು ವರ್ಷದ ಹಿಂದೆ, ಜನವರಿಯಲ್ಲಿ, ಬಿಚ್ಚಿದ ಪೆಂಡಿಯ ಹುರಿ ಅವನ ಬೂಟಿಗೆ ಸುತ್ತಿಕೊಂಡಿತು. ಬಿದ್ದ. ಬಿದ್ದದ್ದು ಪಕ್ಕಕ್ಕೆ, ಹಿಂದಿನ ಚಕ್ರ ಅವನ ಮೇಲೆ ಹಾಯಿತು. ಗಾಡಿಗೇನು ಗೊತ್ತು? ಅದು ನಡೆಯುತ್ತಲೇ ಹೋಗಿ, ಬೇಲಿಯ ಕಂಬಕ್ಕೆ ಮೂತಿ ಒತ್ತಿಕೊಂಡು, ಪೆಟ್ರೋಲು ಮುಗಿಯುವತನಕ ಚಕ್ರ ತಿರುಗಿಸುತ್ತ ನಿಂತಿತ್ತು. ಮಧ್ಯಾಹ್ನ ಊಟಕ್ಕೆ ಬರಲಿಲ್ಲವೆಂದು ಹುಡುಕಿಕೊಂಡು ಹೋದವಳು ಸಿಗ್ನೆ.

"ಕೊಳ್ಳೋರ ಹತ್ರ ಇದನ್ನೆಲ್ಲ ಬಾಯಿ ಬಿಡಬೇಡ," ಎಂದು ಓರಿನ್ ಹೇಳಿಯೇ ಹೋಗಿದ್ದ. "ಮನುಷ್ಯನನ್ನ ತಿಂದ ಗಾಡಿ ಅಂದ್ರೆ ಯಾರು ಮುಟ್ತಾರೆ?"

ಪೇಟೆಯಿಂದ ಒಂದಿಬ್ಬರು ಬಂದು ಹೋದರು. ಜುಲೈ ತಿಂಗಳ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಓಡಿಸಿ, ಉಳಿದ ದಿನ ಒರೆಸಿ ಮುಚ್ಚಿಡುವ ಜನ. ಅಂಥವರಿಗೇ ಹೋಗಲಿ ಎಂದು ಸಿಗ್ನೆಯ ಆಸೆ. ಆದರೆ ಅವರು ಆಲೋಚಿಸುತ್ತೇವೆ ಎಂದು ಹೋದವರು ತಿರುಗಿ ಬರಲಿಲ್ಲ. ಬಂದವನು ವೇಡ್. ಹಳ್ಳದ ಆಚೆ ದಂಡೆಯ ಜಮೀನನ್ನು ಗುತ್ತಿಗೆಗೆ ಹಿಡಿದು ಆ ಬೇಸಿಗೆಯಷ್ಟೇ ಬಂದ ಹುಡುಗ. ಇನ್ನೂ ಮೂವತ್ತು ದಾಟಿಲ್ಲ. ಹೆಂಡತಿ ಕ್ಯಾಸಿಗೆ ಮಾರ್ಚಿನಲ್ಲಿ ಹೆರಿಗೆ.

ಅವನು ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಜೋಡಿಸುವ, ಚಕ್ರದ ನಟ್ಟನಡುವಿನ ಬಿಲ್ಲೆಗಳನ್ನು ಕೈಯಿಂದ ತಿರುಗಿಸಿ ನೋಡಿದ. ಕೂತ, ಅಜ್ಜಿ ಗೇರಿಗೆ ಹಾಕಿದ, ಬಾಗಿಲು ತೆಗೆದು ಇಳಿದೇಬಿಟ್ಟ. ಖಾಲಿ ಗಾಡಿ ಸಿಗ್ನೆಯ ಅಂಗಳದಲ್ಲಿ ಅವಳ ಕಡೆಗೇ ನಡೆದು ಬಂತು. ವೇಡ್ ಪಕ್ಕದಲ್ಲಿ ಕೈ ಬೀಸಿಕೊಂಡು ಬರುತ್ತ ನಗುತ್ತಿದ್ದ.

"ನಮ್ಮಜ್ಜಿ ಇದಕ್ಕಿಂತ ಜೋರಾಗಿ ನಡೀತಾಳೆ! ಆದ್ರೆ ಎಷ್ಟು ನೆಟ್ಟಗೆ ಬರ್ತಿದೆ ನೋಡಿ, ಮಿಸೆಸ್ ಹಾವ್ಲೆಂಡ್."

"ನಿಲ್ಲಿಸು ಅದನ್ನ!" ಸಿಗ್ನೆ ಕಿರುಚಿದಳು. ಅವಳ ಬೆನ್ನು ಆಗಲೇ ಗೋಡೆಗೆ ತಾಗಿತ್ತು.

ಅವನು ಗಾಬರಿಯಾಗಿ ಹಾರಿ ಹತ್ತಿ ನಿಲ್ಲಿಸಿದ. ಆಮೇಲೆ ಅವಳು ಓರಿನ್ ಮಾತನ್ನು ಗಾಳಿಗೆ ತೂರಿ, ಹುರಿ, ಬೂಟು, ಚಕ್ರ, ಬೇಲಿ, ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ವೇಡ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಕೇಳಿದ.

"ಕೇಳಿ ಬಹಳ ಬೇಜಾರಾಯ್ತು, ಅಮ್ಮಾ. ನಮ್ಮಪ್ಪನೂ ಹೀಗೇ ಹುಲ್ಲು ಹಾಕೋನು. ನಾನು ಹುಷಾರಾಗಿರ್ತೀನಿ."

"ಹುಷಾರಿಲ್ದೆ ಸತ್ತ ಅಂದ್ಕೊಂಡ್ಯಾ ನನ್ನ ಗಂಡ? ಅವನಷ್ಟು ಹುಷಾರಿನೋನು ಈ ಕಣಿವೇಲೇ ಇರಲಿಲ್ಲ. ನಿನಗೆ ಇದನ್ನ ಮಾರಲ್ಲ, ಹೋಗು."

"ಇದಿಲ್ದಿದ್ರೆ ಇನ್ನೊಂದು," ಎಂದ ವೇಡ್, ಜಗಳದ ದನಿಯಲ್ಲಲ್ಲ, ಇದ್ದದ್ದನ್ನು ಇದ್ದಹಾಗೆ. "ದನಗಳಿಗೆ ಹಸಿವು ಆಗುತ್ತಲ್ಲ. ಕ್ಯಾಸೀನ ಈ ಸ್ಥಿತೀಲಿ ಗಾಡಿ ಓಡಿಸು ಅನ್ನೋಕಾಗುತ್ತಾ?"

ಅದೂ ನಿಜವೇ. ಕಣಿವೆಯಲ್ಲಿ ಹಳೆಯ ಗಾಡಿಗಳಿಗೇನು ಬರ, ಪ್ರತಿಯೊಂದಕ್ಕೂ ಒಂದು ಅಜ್ಜಿ ಗೇರಿದೆ. ಈ ಹುಡುಗ ಸಾಯಬಾರದು ಎಂಬುದೊಂದೇ ಸಿಗ್ನೆಯ ತಲೆಯಲ್ಲಿದ್ದದ್ದು. ಕೊನೆಗೆ, "ಹಾಗಾದ್ರೆ ಒಂದು ಷರತ್ತು," ಎಂದಳು. "ದಿನಾ ಬೆಳಿಗ್ಗೆ ಏಳಕ್ಕೆ ನಾನು ಬಂದು ಓಡಿಸ್ತೀನಿ. ನಾನು ಬರೋತನಕ ನೀನು ಬೀಗದಕೈ ತಿರುಗಿಸಕೂಡದು."

"ನೀವಾ?"

"ಯಾಕೆ, ನನಗೆ ಕೈಕಾಲಿಲ್ವಾ?"

ವೇಡ್ ನಕ್ಕ, ಒಪ್ಪಿದ, ಅವಳ ಕೈಕುಲುಕಿದ. ನಮ್ಮಲ್ಲಿ ಕೈಕುಲುಕಿದರೆ ಮುಗಿಯಿತು, ಅದರ ಮೇಲೆ ಕಾಗದಪತ್ರ ಏನೂ ಬೇಡ.

ಯಾವ ಗಾಡಿಯ ಮುಖ ನೋಡಲಾರೆ ಎಂದಿದ್ದಳೋ ಅದರ ಸೀಟಿನಲ್ಲಿ ಆ ಚಳಿಗಾಲವೆಲ್ಲ ಸಿಗ್ನೆ ಕೂತಳು. ಗಾಡಿಗೆ ಅವಳು ಬೇಕಾಗಿಯೇ ಇರಲಿಲ್ಲ. ಅವಳು ಸ್ಟೀರಿಂಗ್ ಮುಟ್ಟದಿದ್ದರೂ ಅದು ನೆಟ್ಟಗೆ ಹೋಗುತ್ತಿತ್ತು, ಬ್ರೇಕಿನ ಮೇಲೆ ಕಾಲಿಟ್ಟರೂ ಒಳಗೊಳಗೇ ಮುಂದಕ್ಕೆ ನೂಕುತ್ತಿತ್ತು. ಅದನ್ನು ತಡೆದು ಹಿಡಿಯುವುದಕ್ಕೇ ತಾನಿರುವುದು ಎಂದು ಅವಳು ಕನ್ನಡಿಯಲ್ಲಿ ಕಣ್ಣಿಟ್ಟು ಕೂರುತ್ತಿದ್ದಳು. ವೇಡ್ ಬಗ್ಗಿ ಕಾಣದಾದರೆ ತಕ್ಷಣ ಬ್ರೇಕ್ ಒತ್ತುವಳು.

"ಅಯ್ಯೋ, ಬದುಕಿದೀನಿ ನಡೀರಿ!" ಎಂದು ಅವನು ಹಿಂದಿನಿಂದ ಕೂಗುತ್ತಿದ್ದ.

"ಹುರಿ ಎಲ್ಲಿ ಎಸೆದೆ?"

"ಜೇಬಲ್ಲಿದೆ, ಅಮ್ಮಾ, ಜೇಬಲ್ಲಿದೆ!"

ಫೆಬ್ರವರಿಯಲ್ಲಿ ಒಂದು ರಾತ್ರಿಯಿಡೀ ಗಾಳಿ ಬೀಸಿ, ಬೆಳಗಾಗುವಷ್ಟರಲ್ಲಿ ಹಳ್ಳದ ಸೇತುವೆಯ ಮೇಲೆ ಎದೆಮಟ್ಟ ಹಿಮ ಪೇರಿಸಿತ್ತು. ಸಿಗ್ನೆ ಫೋನು ಮಾಡಿದಳು.

"ರಸ್ತೆಯ ಹಿಮ ತೆಗೆಯೋ ಗಾಡಿ ಇನ್ನೂ ಬಂದಿಲ್ಲ ಕಣೇ ಕ್ಯಾಸಿ. ಕಾಯೋಕೆ ಹೇಳು ಅವನಿಗೆ."

"ಹೇಳ್ತೀನಿ. ದನಗಳ ಕೂಗು ಮಾತ್ರ ಕೇಳೋಕಾಗ್ತಿಲ್ಲ," ಎಂದಳು ಕ್ಯಾಸಿ.

ದಾರಿ ತೆರೆದಾಗ ಹತ್ತು ದಾಟಿತ್ತು. ಸಿಗ್ನೆ ಸೇತುವೆ ದಾಟಿ ತಿರುವಿಗೆ ಬಂದಳು. ಬೆಳ್ಳನೆಯ ಬಯಲಿನಲ್ಲಿ ಹಸಿರು ಗಾಡಿ ನಡೆಯುತ್ತಿತ್ತು. ಹಿಂದೆ ದನಗಳ ಸಾಲು. ಸೀಟಿನಲ್ಲಿ ಯಾರೂ ಇಲ್ಲ. ಹುಲ್ಲಿನ ಮೇಲೂ ಯಾರೂ ಇಲ್ಲ.

ಅವಳು ಕಾರನ್ನು ಅಲ್ಲೇ ಬಿಟ್ಟು, ಬೇಲಿ ನುಸುಳಿ, ಮೊಣಕಾಲುದ್ದ ಹಿಮದಲ್ಲಿ ಬೀಳುತ್ತ ಏಳುತ್ತ ಓಡಿದಳು. ಗಾಡಿಯ ಕಡೆಗಲ್ಲ. ಲಾಯ್ಡನನ್ನು ಹುಡುಕಿದ ದಿನ ಅವಳು ಮೊದಲು ಗಾಡಿಯ ಹತ್ತಿರ ಓಡಿ, ಅದರ ಸುತ್ತಮುತ್ತಲೇ ಹುಡುಕಿ ಹೊತ್ತು ಕಳೆದಿದ್ದಳು. ಆಮೇಲೆ ತಿಳಿದದ್ದು, ಎಸೆದ ಹುಲ್ಲಿನ ಸಾಲು ಎಲ್ಲಿ ತುಂಡಾಗಿದೆಯೋ ಅಲ್ಲಿ ಮನುಷ್ಯ ಬಿದ್ದಿರುತ್ತಾನೆ. ದನಗಳನ್ನು ನೂಕಿಕೊಂಡು ಅವಳು ಸಾಲಿನುದ್ದಕ್ಕೂ ಓಡಿದಳು. ದೇವರೇ, ಈ ಹುಡುಗನನ್ನು ಉಳಿಸು, ಎಂದು ಬಾಯಿಬಿಟ್ಟೇ ಬೇಡುತ್ತಿದ್ದಳು.

ಸಾಲು ತುಂಡಾಗಿರಲಿಲ್ಲ. ಗಾಡಿಯತನಕವೂ ಹೋಗಿತ್ತು. ಗಾಡಿಯ ಆಚೆ ಬದಿಯಿಂದ ವೇಡ್ ಸಿಳ್ಳೆ ಹಾಕುತ್ತ ಕಾಣಿಸಿಕೊಂಡ. ಮೈ ಬೆಚ್ಚಗಾಗಲೆಂದು ಇಳಿದು, ಕೊನೆಯ ಪೆಂಡಿಯನ್ನು ಪಕ್ಕದಲ್ಲಿ ನಡೆಯುತ್ತಲೇ ಎಳೆದು ಹಾಕುತ್ತಿದ್ದ.

ಸಿಗ್ನೆ ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು. ಬಾಯಿಗೆ ಬಂದಂತೆ ಬೈದಳು. ಆಮೇಲೆ ಬಾಗಿಲು ಎಳೆದು ತೆಗೆದು, ಗಾಡಿ ನಿಲ್ಲಿಸಿ, ಬೀಗದಕೈ ಕಿತ್ತುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ನಮ್ಮ ಕಣಿವೆಯಲ್ಲಿ ಯಾರೂ ಗಾಡಿಯಿಂದ ಬೀಗದಕೈ ತೆಗೆಯುವುದಿಲ್ಲ. ಅವನು ಬೆಪ್ಪಾಗಿ ನೋಡಿದ.

"ಏನಾಯ್ತು ಈಗ? ನೋಡಿ, ಏನೂ ಆಗಲಿಲ್ವಲ್ಲ!"

"ಲಾಯ್ಡೂ ಹಿಂಗೇ ಏನೂ ಆಗದೆ ಮನೆಗೆ ಬರ್ತಿದ್ದ. ಎಷ್ಟೋ ವರ್ಷ ಬಂದ, ವೇಡ್."

"ನೀವು ಅಳಬೇಡಿ," ಎಂದ ಅವನು. ಅವನ ದನಿಯಲ್ಲಿ ನಿಜವಾದ ಮರುಕವಿತ್ತು. "ನನ್ನಿಂದ ನಿಮಗೆ ಎಷ್ಟು ತೊಂದರೆ. ಈ ವಯಸ್ಸಲ್ಲಿ, ಈ ಚಳೀಲಿ. ಇನ್ನು ನೀವು ಬರೋದು ಬೇಡ, ಅಮ್ಮಾ. ನನ್ನ ಕೈಲಾಗುತ್ತೆ." ಕೈಗವಸು ತೆಗೆದು ಅಂಗೈ ಚಾಚಿದ. "ಕೊಡಿ. ಗಾಡಿ ನಂದಲ್ವಾ."

ಅವನದೇ. ಅವಳೇ ಮಾರಿದ್ದು. ಕೊಟ್ಟಳು.

ಮರುದಿನ ಅವಳು ಏಳಕ್ಕೆ ಸರಿಯಾಗಿ ಹೋದಳು. ಗಾಡಿ ಆಗಲೇ ಬಯಲಿನ ನಡುವಿತ್ತು. ಅವಳಿಗೆ ತೊಂದರೆಯಾಗದಿರಲೆಂದು ಅವನು ಬೇಗ ಹೊರಟಿದ್ದ. ಹುಲ್ಲಿನ ಮೇಲೆ ನಿಂತು ಕೈಬೀಸಿದ. ಅದರ ಮರುದಿನ ಅವಳು ಆರೂವರೆಗೇ ಹೋದಳು. ಅವನು ಅದಕ್ಕೂ ಮೊದಲೇ ಹೊರಟಿದ್ದ. ಇನ್ನೂ ಮಬ್ಬುಗತ್ತಲು. ಎಂಜಿನ್ನಿನ ಸದ್ದು ಕೇಳುತ್ತಿತ್ತು, ಗಾಡಿ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ.