ಹಮ್ಮನಿಗೆ ಬರೆಸಿದ ಮಾತು

ಶಾಂತಾರಾಮ ಮಾಸ್ತರರಿಗೆ ನಾಟಕ ಬರೆಯುವ ಹುಚ್ಚು. ಹೊನ್ನಾವರದ ಹತ್ತಿರದ ಹಳ್ಳಿಶಾಲೆಯಲ್ಲಿ ಪಾಠ ಹೇಳುತ್ತ ಮೂರು ನಾಟಕ ಬರೆದಿದ್ದರು. ಮೂರಕ್ಕೂ ಜನ ಆಕಳಿಸಿದ್ದರು. "ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿರಬೇಕು ಮಾರಾಯ. ಆಗ ಒಬ್ಬನೂ ಎದ್ದು ಹೋಗುವುದಿಲ್ಲ" ಎಂದಿದ್ದ ಕುಮಟೆಯ ಗೆಳೆಯ ನಾಗಪತಿ.

ಅಂಥದ್ದೊಂದು ಅವರ ಜಗಲಿಯಲ್ಲೇ ನಡೆದಿತ್ತು.

ಅದೇ ಊರಿನ ಬಂಗಾರಿಯ ಗಂಡ ಹಮ್ಮ ಗೋವಾದ ಅದಿರು ಗಣಿಗೆ ದುಡಿಯಲು ಹೋಗಿದ್ದ. ೧೯೬೪ರ ಆಷಾಢದಲ್ಲಿ ಜೊತೆಗಾರನ ಕಾಗದ ಬಂತು: ದರೆ ಕುಸಿದು ಹಮ್ಮ ಸತ್ತ, ಅಲ್ಲೇ ಮಣ್ಣು ಮಾಡಿದೆವು. ಅದನ್ನು ಓದಿಸಲು ತಂದಿದ್ದ ಹಮ್ಮನ ಅಪ್ಪ ಬೀರ, ಮಾಸ್ತರರ ಕಾಲು ಹಿಡಿದ. "ಸೊಸೆಗೆ ದಿನ ತುಂಬಿದೆ. ಹೆರಿಗೆ ಆಗೂವರೆಗೆ ಬಾಯಿ ಬಿಡಬೇಡಿ ಒಡೆಯಾ."

ಗಂಡು ಹುಟ್ಟಿತು. ಆಮೇಲೆ ಬೀರನಿಗೆ ಬೇರೆಯೇ ಹೆದರಿಕೆ: ಗೊತ್ತಾದರೆ ಮೊಮ್ಮಗನನ್ನು ಎತ್ತಿಕೊಂಡು ತವರಿಗೆ ಹೋಗುತ್ತಾಳೆ. ಬಂಗಾರಿ ಬಂದಾಗಲೆಲ್ಲ ಮಾಸ್ತರರು ಯಾವುದೋ ಹಳೆಯ ಕಾಗದ ಹಿಡಿದು, ಹಮ್ಮ ಕ್ಷೇಮವಾಗಿದ್ದಾನೆಂದು ಓದಿದರು. ಅವಳು ಮಾರುತ್ತರ ಹೇಳುತ್ತಿದ್ದಳು, ಅವರು ಬರೆದುಕೊಳ್ಳುತ್ತಿದ್ದರು. ಆ ಹಾಳೆಗಳು ಅಂಚೆಗೆ ಹೋಗಲಿಲ್ಲ. ಅವನ್ನು ಹರಿಯಲೂ ಇಲ್ಲ.

ಫೆಬ್ರುವರಿಯಲ್ಲಿ ಶಾಲೆಯ ವಾರ್ಷಿಕ ಗ್ಯಾದರಿಂಗು. ಮಧ್ಯಾಹ್ನ ನಾಲ್ಕಕ್ಕೆ ಮಾಸ್ತರರ ಹೊಸ ನಾಟಕ. ಸತ್ತ ಗಂಡನನ್ನು ಸೈನಿಕನನ್ನಾಗಿ ಮಾಡಿದ್ದರು. ವೇದಿಕೆಯ ಮೇಲೆ ಅಂಚೆಯವನು ಹೆಂಡತಿಗೆ ಸುಳ್ಳು ಕಾಗದ ಓದತೊಡಗಿದಾಗ ಹೆಂಗಸರು ಸೆರಗಿಗೆ ಕಣ್ಣೊತ್ತಿಕೊಂಡರು. ಪರದೆಯ ಸಂದಿಯಿಂದ ಇಣುಕುತ್ತಿದ್ದ ಮಾಸ್ತರರು ಕೊನೆಗೂ ಗೆದ್ದೆ ಅಂದುಕೊಂಡರು.

ಅಷ್ಟರಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂಗಾರಿ ಎದ್ದು ನಿಂತಳು. "ನಂಬಬೇಡ ತಂಗೀ! ಅವ ಓದೂದು ಸುಳ್ಳು!"

ಜನ ಗೊಳ್ಳೆಂದು ನಕ್ಕರು. ಹೆಂಡತಿಯ ವೇಷದವನು ನಗು ತಡೆದುಕೊಂಡು ತನ್ನ ಮಾತು ಹೇಳಿದ: "ಮಗನಿಗೆ ನಿಮ್ಮದೇ ಕಿವಿ. ಬಂದು ನೋಡಿ ಹೇಳಿ ಅಂತ ಬರೀರಿ."

ಬಂಗಾರಿ ಹಮ್ಮನಿಗೆಂದು ಬರೆಸಿದ ಮಾತು ಅದು. ಮಾಸ್ತರರು ಒಂದಕ್ಷರ ಬದಲಿಸಿರಲಿಲ್ಲ. ಅವಳ ಕಣ್ಣು ವೇಷದವನನ್ನು ಬಿಟ್ಟು ಪರದೆಯತ್ತ ತಿರುಗಿತು.

ನಾಟಕ ಮುಗಿದ ಮೇಲೆ ಶಾಲೆಯ ಬಾವಿಕಟ್ಟೆಯ ಹತ್ತಿರ ಕಾದಿದ್ದಳು.

"ಎಂತ ಆತು ಅವರಿಗೆ?"

ಮಾಸ್ತರರು ಹೇಳಿದರು.

"ಯಾವಾಗ?"

"ಆಷಾಢದಲ್ಲಿ."

"ಚೌತಿಗೆ ಹೂ ಮುಡಿದಿದ್ದೆ. ದೀಪಾವಳಿಗೂ ಮುಡಿದಿದ್ದೆ." ಧ್ವನಿ ಏರಲಿಲ್ಲ. "ನೀವು ಕಂಡಿದ್ದಿರಿ ಮಾಸ್ತರೇ."

ಮಾರನೆಯ ದಿನ ಬೆಳಿಗ್ಗೆ ಮಗುವನ್ನೆತ್ತಿಕೊಂಡು ದೋಣಿ ಹತ್ತಿ, ಹೊಳೆಯಾಚೆಯ ತವರಿಗೆ ಹೋದಳು. ಬೀರ ಮಾಸ್ತರರ ಜಗಲಿಗೆ ಬಂದು ಕೂತ. ಕೊಟ್ಟ ನೀರನ್ನು ಮುಟ್ಟದೆ ಎದ್ದುಹೋದ.

ವಾರದೊಳಗೆ ನಾಗಪತಿ ಬರೆದ: ನಿನ್ನ ನಾಟಕದ ಸುದ್ದಿ ಇಲ್ಲಿಯವರೆಗೂ ಬಂದಿದೆ, ಕುಮಟೆಯಲ್ಲಿ ಆಡುತ್ತೇವೆ, ಕಳಿಸು. ಮಾಸ್ತರರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಹಸ್ತಪ್ರತಿಯನ್ನು ಅಂಚೆಗೆ ಹಾಕಿದರು. ನೋಡಲು ಮಾತ್ರ ಹೋಗಲಿಲ್ಲ.