ಕರಟ ಹಿಡಿದವಳು

ಸಾಗರದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಲಿಖಿತಾಳ ಅಂಗಡಿ. ನೀರಿಗೆ ಬಿದ್ದ ಮೊಬೈಲು, ಕೆಟ್ಟ ಹಾರ್ಡ್ ಡಿಸ್ಕು, ಅಳಿಸಿಹೋದ ಫೋಟೋ, ಇವೇ ಅವಳ ಅನ್ನ. ಒಂದು ಬುಧವಾರ ಬೆಳಿಗ್ಗೆ ಆ ಅಂಗಡಿಯ ಮೆಟ್ಟಿಲು ಹತ್ತಿ ಹೇಮಾವತಿ ಬಂದಳು. ಲಿಖಿತಾಳ ಅಪ್ಪನ ತಂಗಿ, ಸ್ವಂತ ಸೋದರತ್ತೆ. ಆರು ವರ್ಷದಿಂದ ಈ ಅತ್ತೆಯ ಮುಖ ಕಂಡರೆ ಲಿಖಿತಾಳ ಮೈಯೆಲ್ಲ ಉರಿಯುತ್ತಿತ್ತು. ಆದರೂ ಸ್ಟೂಲು ಎಳೆದು, "ಕೂತ್ಕೊಳ್ಳಿ ಅತ್ತೆ" ಎಂದಳು. ಉರಿಯನ್ನು ಹೊಟ್ಟೆಯಲ್ಲಿ ಮುಚ್ಚಿಟ್ಟುಕೊಳ್ಳುವುದು ಅವಳು ತಾಯಿಯಿಂದ ಕಲಿತ ವಿದ್ಯೆ.

"ಕೆಟ್ಟೆ ಮಾರಾಯ್ತಿ." ಹೇಮಾವತಿ ಸೆರಗಿನ ಗಂಟು ಬಿಚ್ಚಿ ಮೆಮೊರಿ ಕಾರ್ಡನ್ನು ಮೇಜಿನ ಮೇಲಿಟ್ಟಳು. "ಹಳೇ ಕ್ಯಾಮೆರಾದ್ದು. ಹೊಸ ಫೋನಿಗೆ ಹಾಕ್ದೆ. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತು. ಎಂತದೋ ಒಳ್ಳೇದೇ ಇರ್ಬೇಕು ಅಂತ ಹೂಂ ಒತ್ತಿದೆ. ಅಷ್ಟೂ ಚಿತ್ತಾರ ಹೋಯ್ತು. ಭಾನುವಾರ ನಂಗೆ ಸನ್ಮಾನ, ಪರದೆ ಮೇಲೆ ಫೋಟೋ ತೋರಿಸ್ತಾರಂತೆ. ಫೋಟೋನೇ ಇಲ್ದೆ ಅಲ್ಲಿ ಕೂತು ಎಂತ ಮಾಡ್ಲಿ?"

"ನೋಡ್ತೀನಿ ಅತ್ತೆ."

"ನೋಡ್ತೀನಿ ಅಲ್ಲ. ಒಂದೂ ಬಿಡ್ದೆ ತೆಗೆದುಕೊಡ್ಬೇಕು" ಎಂದು ಹೇಳಿ ಹೇಮಾವತಿ ಬ್ಲೌಸ್ ಹೊಲಿಯಲು ಕೊಟ್ಟಲ್ಲಿಗೆ ಹೊರಟಳು.

ಚಿತ್ತಾರ! ಆ ಶಬ್ದ ಅವಳ ಬಾಯಲ್ಲಿ ಬಂದದ್ದೇ ಲಿಖಿತಾಳಿಗೆ ಸಹಿಸಲಾಗಲಿಲ್ಲ. ಮದುವೆಗೆ ಮುಂಚೆ, ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಚಿತ್ತಾರ ಬರೆಯುವುದು ದೀವರ ಸಮುದಾಯದ ಮನೆಗಳ ಪದ್ಧತಿ. ಗೆರೆ ಎಳೆಯುವವಳು ಒಬ್ಬಳು. ಉಳಿದವರು ಹಾಡುತ್ತಾರೆ, ಎಳೆ ತುಂಬುತ್ತಾರೆ, ಬಣ್ಣದ ಕರಟ ಹಿಡಿಯುತ್ತಾರೆ. ಮುಗಿದ ಗೋಡೆಯ ಮೇಲೆ ಹೆಸರು ಹಾಕುವ ರೂಢಿಯಿಲ್ಲ. ಯಾರ ಕೈಯೆಂದು ಊರಿಗೇ ಗೊತ್ತಿರುವಾಗ ಹೆಸರೇಕೆ?

ಹೊಸನಗರದ ಕಡೆಯಿಂದ ಹಿಡಿದು ಇತ್ತ ವರದಮೂಲದ ತನಕ ಎಷ್ಟೋ ಮನೆಗಳಲ್ಲಿ ಗೆರೆ ಎಳೆದವಳು ಲಿಖಿತಾಳ ತಾಯಿ ದುಗ್ಗಮ್ಮ. ಪುಂಡಿನಾರಿನ ಕುಂಚ ಹಿಡಿದರೆ ಮೊಳದುದ್ದದ ಗೆರೆ ಒಂದೇ ಉಸಿರಿಗೆ ಬರುತ್ತಿತ್ತು. ಪಕ್ಕದಲ್ಲಿ ಇಪ್ಪತ್ತು ವರ್ಷ ಕರಟ ಹಿಡಿದು ನಿಂತವಳು ನಾದಿನಿ ಹೇಮಾವತಿ. ಆಮೇಲೆ ದುಗ್ಗಮ್ಮನ ಕೈ ನಡುಗತೊಡಗಿತು. ಮಣ್ಣಿನ ಗೋಡೆಗಳು ಒಂದೊಂದಾಗಿ ಉರುಳಿ ಸಿಮೆಂಟಿನ ಮನೆಗಳೆದ್ದವು. ಉಳಿದದ್ದು ಹೇಮಾವತಿಯ ಕ್ಯಾಮೆರಾದಲ್ಲಿದ್ದ ಫೋಟೋಗಳು ಮಾತ್ರ. ಆ ಫೋಟೋಗಳನ್ನು ಹಿಡಿದುಕೊಂಡೇ ಅವಳು ಪೇಟೆಯಲ್ಲಿ ದೊಡ್ಡ ಚಿತ್ತಾರಗಿತ್ತಿ ಎನಿಸಿಕೊಂಡಳು.

ಆರು ವರ್ಷದ ಹಿಂದೆ ತೀರ್ಥಹಳ್ಳಿಯಲ್ಲಿ ಅವಳ ಪ್ರದರ್ಶನ ನಡೆದಿತ್ತು. ಮಗಳ ಜೊತೆ ದುಗ್ಗಮ್ಮನೂ ಹೋಗಿದ್ದಳು. ಒಂದು ಫೋಟೋದ ಮುಂದೆ ನಿಂತು ಮೆಲ್ಲಗೆ, "ಇದು ನನ್ ಕೈದು" ಎಂದಳು, ಅಷ್ಟೇ. ಹೇಮಾವತಿ ನಗುತ್ತ ಬಂದು ಎಲ್ಲರೆದುರು ಅವಳ ಕೈಗೆ ಕುಂಚ ಕೊಟ್ಟಳು. "ಹಂಗಾರೆ ಒಂದು ಗೆರೆ ಎಳೀರಿ ಅತ್ತಿಗೆ, ಜನ ನೋಡ್ಲಿ." ನಡುಗುವ ಕೈಯ ಗೆರೆ ಹಾವು ಹರಿದಂತೆ ಹೋಯಿತು. ಜನ ನಕ್ಕರು. ಪಾಪ ಎಂದು ಯಾರೋ ಕುರ್ಚಿ ಕೊಟ್ಟರು. ಹೊಸನಗರದ ಮನೆ ಮುಟ್ಟಿದ ಮೇಲೆ ದುಗ್ಗಮ್ಮ, "ಹೋಗ್ಲಿ ಬಿಡು ಮಗಾ" ಎಂದು ಒಳಗೆ ಹೋದಳು. ಅವಳು ಬಿಟ್ಟಿರಬಹುದು, ಮಗಳು ಬಿಟ್ಟಿರಲಿಲ್ಲ.

ಈಗ ಕಾರ್ಡು ಲಿಖಿತಾಳ ಅಂಗೈಯಲ್ಲಿತ್ತು. ಕಾರ್ಡು ಸತ್ತಿದೆ ಅತ್ತೆ, ಏನೂ ಬರಲ್ಲ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಹೇಮಾವತಿ ಬರಿಗೈಯಲ್ಲಿ ವೇದಿಕೆಯ ಮೇಲೆ ಕೂರಬೇಕು. ಆ ಚಿತ್ರವನ್ನು ನೆನೆನೆನೆದು ಲಿಖಿತಾ ಒಂದು ಲೋಟ ಕಾಫಿ ಕುಡಿದಳು. ಕಾಫಿ ಅಷ್ಟು ರುಚಿಯಾಗಿ ಬಹಳ ದಿನವಾಗಿತ್ತು. ಆದರೂ ಒಳಗೆ ಏನಿದೆಯೋ ನೋಡಿಯೇಬಿಡೋಣವೆಂದು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು.

ಅಳಿಸಿದ ಫೋಟೋ ತಕ್ಷಣ ಎಲ್ಲಿಗೂ ಹೋಗುವುದಿಲ್ಲ. ಅದರ ಜಾಗದಲ್ಲಿ ಬೇರೊಂದು ಬಂದು ಕೂರುವ ತನಕ ಅಲ್ಲೇ ಬಿದ್ದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೇಮಾವತಿ ಕೇಳಿದ ಗೋಡೆಗಳೆಲ್ಲ ಬಂದವು. ಅವುಗಳ ಬೆನ್ನಿಗೇ ಅವಳು ಕೇಳದಿದ್ದವೂ ಬಂದವು. ಮೊನ್ನೆ ಕೈತಪ್ಪಿ ಹೋದದ್ದು ಯಾವುದು, ವರ್ಷಗಳ ಹಿಂದೆ ಒಂದೊಂದಾಗಿ ಆರಿಸಿ ಅಳಿಸಿದ್ದು ಯಾವುದು ಎಂಬ ಭೇದ ಯಂತ್ರಕ್ಕೆಲ್ಲಿಯದು? ದುಗ್ಗಮ್ಮ ಗೋಡೆಗೆ ಮೊದಲ ಗೆರೆ ಎಳೆಯುತ್ತಿದ್ದಾಳೆ, ಹೇಮಾವತಿ ಕರಟ ಹಿಡಿದು ನಿಂತಿದ್ದಾಳೆ. ದುಗ್ಗಮ್ಮ ಏಣಿಯ ಮೇಲೆ, ಹೇಮಾವತಿ ಏಣಿಯ ಬುಡದಲ್ಲಿ, ಕೈಯಲ್ಲಿ ಅದೇ ಕರಟ. ಮದುವೆಮನೆಯ ಹುಡುಗರ ಕೈಗೆ ಕ್ಯಾಮೆರಾ ಕೊಟ್ಟು ತೆಗೆಸಿದ್ದಿರಬೇಕು, ಒಂದಲ್ಲ ಎರಡಲ್ಲ, ಅರವತ್ತೆಂಟು ಫೋಟೋಗಳು. ಲಿಖಿತಾ ಗಟ್ಟಿಯಾಗಿ ನಕ್ಕಳು, ನಗುತ್ತ ನಗುತ್ತಲೇ ಅತ್ತುಬಿಟ್ಟಳು. ಅವ್ವನ ಕೈ ಅಷ್ಟು ನೆಟ್ಟಗಿದ್ದದ್ದು ಅವಳಿಗೇ ಮರೆತುಹೋಗಿತ್ತು.

ಕಾರ್ಡು ಸತ್ತಿದೆ ಎಂದು ಹೇಳುವ ಯೋಚನೆ ಅಲ್ಲಿಗೇ ಬಿತ್ತು.

ಸಂಜೆ ಹೇಮಾವತಿ ಬಂದಾಗ ಲಿಖಿತಾ ಮುಗಿದ ಗೋಡೆಗಳ ಹತ್ತು ಹನ್ನೆರಡು ಫೋಟೋ ತೋರಿಸಿದಳು. ಅತ್ತೆಯ ಮುಖ ಅರಳಿತು. "ಉಳಿದದ್ದು ನೋಡ್ತೀರಾ?" ಎಂದು ಕೇಳಿದಳು ಕೂಡ. "ಪುರುಸೊತ್ತಿಲ್ಲ, ನೇರ ಗಣೇಶಮೂರ್ತಿಗಳಿಗೇ ಕಳ್ಸು" ಎಂದು ಹೇಮಾವತಿ ಬಸ್ಸಿಗೆ ಓಡಿದಳು.

ಗಣೇಶಮೂರ್ತಿ ಸನ್ಮಾನ ಸಮಿತಿಯವರು. ಫೋನಿನಲ್ಲಿ ಅವರದೂ ಒಂದು ಬೇಡಿಕೆ. "ಬರೀ ಗೋಡೆ ತೋರಿಸಿದ್ರೆ ಜನಕ್ಕೆ ಬೇಜಾರು ಮಾರಾಯ್ತಿ. ಬರೆಯೋ ಹೊತ್ತಿನ ಫೋಟೋ ಇದ್ರೆ ಎಷ್ಟು ಚೆನ್ನಾಗಿತ್ತು."

"ಉಂಟು ಸಾರ್" ಎಂದಳು ಲಿಖಿತಾ. "ಬೇಕಾದಷ್ಟು ಉಂಟು."

ಭಾನುವಾರ ತಾಯಿಯನ್ನು ಹೊಸನಗರದಿಂದ ಕರೆತಂದು ಎರಡನೇ ಸಾಲಿನಲ್ಲಿ ಕೂರಿಸಿದಳು. ಫೋಟೋಗಳ ವಿಷಯ ಹೇಳಲಿಲ್ಲ. ಹೇಳಿದ್ದರೆ ಹೋಗ್ಲಿ ಬಿಡು ಎನ್ನುತ್ತಿದ್ದಳು, ಬರುತ್ತಲೇ ಇರಲಿಲ್ಲ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ದೀಪ ಆರಿಸಿದರು. ಮೊದಲು ಗೋಡೆಗಳು ಬಂದವು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ದುಗ್ಗಮ್ಮ ಬಂದಳು.

"ಇಲ್ಲಿ ಹೇಮಾವತಿಯವರು ಗೆರೆ ಎಳೆಯುತ್ತಿರುವುದನ್ನು..." ಎನ್ನುತ್ತ, ಫೋಟೋಗಳನ್ನು ಮೊದಲೇ ತೆರೆದು ನೋಡಿರದ ಗಣೇಶಮೂರ್ತಿ ತಡೆದು ನಿಂತರು. ಪರದೆಯ ಮೇಲೆ ಹೇಮಾವತಿ ಕರಟ ಹಿಡಿದಿದ್ದಳು. ಮುಂದಿನದರಲ್ಲೂ ಕರಟ. ಅದರ ಮುಂದಿನದರಲ್ಲೂ.

"ಅದು ದುಗ್ಗಮ್ಮ ಅಲ್ದನೇ?" ಹಿಂದಿನಿಂದ ಒಬ್ಬಳು ಕೂಗಿದಳು. "ನಮ್ಮನೆ ಗೋಡೆ ಅದು! ನನ್ ಮದುವೇಲಿ ಅವಳೇ ಬರ್ದಿದ್ದು!" ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ ಕಿಸಕ್ಕನೆ ನಕ್ಕರು. ಲಿಖಿತಾ ಆರು ವರ್ಷ ಕಾದದ್ದು ಆ ನಗುವಿಗೇ.

ಹೇಮಾವತಿ ಶಾಲು ಸಮೇತ ವೇದಿಕೆ ಇಳಿದು ಬಂದಳು. "ಬೇಕಂತ ಮಾಡ್ದ್ಯಾ?"

"ಹೌದು ಅತ್ತೆ, ಬೇಕಂತಲೇ ಮಾಡ್ದೆ. ನೀವು ಅಳಿಸಿದ್ದೂ ಬೇಕಂತಲೇ ಅಲ್ದಾ?"

ಹೇಮಾವತಿ ದುಗ್ಗಮ್ಮನ ಕಡೆ ತಿರುಗಿ ಅವಳ ಕೈ ಹಿಡಿದುಕೊಂಡಳು. "ಅತ್ತಿಗೆ, ನಿಲ್ಸೋಕೆ ಹೇಳಿ. ನಿಮ್ ಮಾತಾದ್ರೆ ಕೇಳ್ತಾಳೆ. ಮಾನ ಹೋಗ್ತದೆ ಅತ್ತಿಗೆ."

ಲಿಖಿತಾ ಅವ್ವನ ಮುಖ ನೋಡಿದಳು. ಇನ್ನೇನು, ಅವ್ವನ ಬಾಯಿಂದ ಆ ಹಾಳು ಮಾತು ಬರುತ್ತದೆ.

ದುಗ್ಗಮ್ಮ ನಡುಗುವ ಕೈಯನ್ನು ನಾದಿನಿಯ ಹಿಡಿತದಿಂದ ಬಿಡಿಸಿಕೊಂಡಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಫೋಟೋ ಬೇಗ ಬೇಗ ಹೋಗ್ತದೆ ಮಗಾ" ಎಂದಳು. "ಮೊದ್ಲಿಂದ ಇನ್ನೊಂದ್ಸಲ ಹಾಕೋಕೆ ಹೇಳು. ಹೇಮಾ, ನೀನೂ ಇಲ್ಲೇ ಕೂತ್ಕೋ, ನೋಡು."