ಜಡ ಆಗಿದ್ದು ಯಾವುದು

ದುಡಿಯದೆ ತಿನ್ನುವುದನ್ನು ಕಂಡರೆ ನನಗೆ ಆಗುವುದಿಲ್ಲ. ಅದು ಎತ್ತಾಗಲಿ, ಮನುಷ್ಯನಾಗಲಿ, ಕಬ್ಬಿಣವಾಗಲಿ. ಅದಕ್ಕೇ ನನ್ನ ಕಾರಿನ ಎಂಜಿನ್ನಿನೊಳಗಿನ ಆ ಎರಡು ಬ್ಯಾಲೆನ್ಸ್ ಶಾಫ್ಟುಗಳ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು.

ಬೈಲಹೊಂಗಲದಲ್ಲಿ ಕಿತ್ತೂರು ರಸ್ತೆಗೆ ನನ್ನ ಗ್ಯಾರೇಜಿದೆ. ಬರುವವು ಹೆಚ್ಚಾಗಿ ಟ್ರ್ಯಾಕ್ಟರುಗಳು. ಹಿಂದಿನ ತಗಡಿನ ಶೆಡ್ಡಿನಲ್ಲಿ ಮಾತ್ರ ನನ್ನದೇ ಒಂದು ಹಳೆಯ ಜಪಾನಿ ಕಾರು ನಿಂತಿದೆ. ಎರಡು ಲೀಟರಿನ ಟರ್ಬೊ ಎಂಜಿನ್. ಮಣ್ಣಿನ ರೇಸಿನಲ್ಲಿ ಅದನ್ನು ಓಡಿಸುವವಳು ನನ್ನ ಅಣ್ಣನ ಮಗಳು, ಸುರೇಬಾನದ ನೀಲಾ. ಎಂಜಿನ್ ಕೆಲಸಕ್ಕೆ ನನ್ನ ಜೊತೆಗಾರ ಸತ್ಯಪ್ಪ ಇದ್ದಾನೆ.

ನಾಲ್ಕು ಸಿಲಿಂಡರಿನ ದೊಡ್ಡ ಎಂಜಿನ್ ತಿರುಗುವಾಗ ತಾನಾಗಿಯೇ ನಡುಗುತ್ತದೆ. ಆ ನಡುಕ ಅಡಗಿಸಲು ಒಳಗೆ ಎರಡು ಶಾಫ್ಟು ಇಟ್ಟಿರುತ್ತಾರೆ. ಎಂಜಿನ್ ಒಂದು ಸುತ್ತು ಹಾಕಿದರೆ ಇವು ಎರಡು ಸುತ್ತು ಹಾಕುತ್ತವೆ, ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ. ಗಾಲಿಗೆ ಕವಡೆಯಷ್ಟು ಬಲವನ್ನೂ ಕೊಡುವುದಿಲ್ಲ. ಮೇಲಾಗಿ ಅವನ್ನು ತಿರುಗಿಸುವ ಸಣ್ಣ ಬೆಲ್ಟು ಹರಿದು ದೊಡ್ಡ ಬೆಲ್ಟಿಗೆ ಸಿಕ್ಕರೆ ಇಡೀ ಎಂಜಿನ್ನೇ ಮಣ್ಣುಪಾಲು. ತೆಗೆದು ಹಾಕಿದರೆ ಎಂಜಿನ್ ಹಗುರಾಗಿ, ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ವೇಗ ಏರುತ್ತದೆ. ನಡುಗಿದರೆ ನಡುಗಲಿ, ಅದೇನು ಮದುಮಗಳು ಕೂರುವ ಗಾಡಿಯೇ?

ನೀಲಾ ಒಪ್ಪಲಿಲ್ಲ. ಯಾಕೆ ಎಂದು ಕೇಳಿದರೆ, ಇದ್ದಂತೆಯೇ ಇರಲಿ ಎಂದಳು. ಬಿಡಿಸಿ ಕೇಳಿದರೆ ಮಾತು ತಿರುಗಿಸಿದಳು. ಭಾನುವಾರ ಸವದತ್ತಿ ಕಡೆ ರೇಸು. ನನಗೆ ಕೂತಲ್ಲಿ ಕೂರಲಾಗಲಿಲ್ಲ, ಶೆಡ್ಡಿನಲ್ಲಿ ಅತ್ತಿಂದಿತ್ತ ತಿರುಗಿದೆ.

“ಒಂದ ಶಾಫ್ಟ್ ನಿನ್ನ ಕಾಲಾಗ ಹಾಕಬೇಕು ನೋಡ ಬಸಣ್ಣಾ,” ಎಂದ ಸತ್ಯಪ್ಪ. “ಒಂದ ಕಡೆ ನಿಂದ್ರವಲ್ಲಿ.”

ಕೊನೆಗೆ ಅವಳು ಊರಿಗೆ ಹೋಗಿದ್ದಾಗ ಎಂಜಿನ್ ಬಿಚ್ಚಿಸಿದೆ. ಶಾಫ್ಟುಗಳನ್ನು ಹೊರಗೆ ತೆಗೆದು, ಅವುಗಳ ಆಯಿಲ್ ತೂತುಗಳನ್ನು ಮುಚ್ಚಿ, ಸಣ್ಣ ಬೆಲ್ಟನ್ನು ಮೂಲೆಗೆ ಎಸೆದೆವು. ಅವಳು ಬಂದು ನೋಡಿ ಸೀಟಿನಲ್ಲಿ ಕುಳಿತಳು.

ಸಂಗೊಳ್ಳಿ ಹಾದಿಗೆ ದನ ಮೇಯುವ ಗಾಯರಾಣದಲ್ಲಿ ಓಡಿಸಿ ನೋಡಿದೆವು. ಗಾಡಿ ಹಾರಿತು. ಇಂಥ ಸದ್ದನ್ನು ಆ ಎಂಜಿನ್ನಿನಿಂದ ನಾನು ಕೇಳಿರಲೇ ಇಲ್ಲ. ನಾನು ಧೂಳಿನಲ್ಲೇ ನಗುತ್ತ ನಿಂತಿದ್ದೆ. ಆದರೆ ಮೂರನೆಯ ಸುತ್ತಿನ ಕೊನೆಗೆ ಅವಳು ವೇಗ ಇಳಿಸಿ, ನಮ್ಮ ಮುಂದೆ ತಂದು ನಿಲ್ಲಿಸಿದಳು.

“ಜಡ ಆತ್ರಿ ಕಾಕಾ,” ಎಂದಳು.

ನಮ್ಮ ಕಡೆ ಜಡ ಎಂದರೆ ಭಾರ. ನನ್ನ ನೆತ್ತಿ ಕಾದಿತು. ಭಾರವನ್ನು ಈಗಷ್ಟೇ ಕಿತ್ತು ಹಾಕಿದ್ದೇನೆ, ಗಾಡಿ ಜಡ ಹೇಗಾಗುತ್ತದೆ? ಬಾಯಿಗೆ ಬಂದಂತೆ ಬೈದೆ. ಅಂಜಿಕೆ ನಿನ್ನದು, ಗಾಡಿಗೆ ಹೆಸರಿಡಬೇಡ ಎಂದೆ.  ಅವಳು ಎಡಗೈಯನ್ನು ಸ್ಟೇರಿಂಗ್ ಅಡಿಯಿಂದ ಬಲಕ್ಕೆ ಚಾಚಿ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು.

ಸತ್ಯಪ್ಪ ಕಿಟಕಿಯೊಳಗೆ ಬಗ್ಗಿ ಆ ಬೆರಳುಗಳನ್ನು ಹಿಚುಕಿದ. ಅವಳು ಅವನ ಕಡೆ ನೋಡಲೂ ಇಲ್ಲ.

“ಗಾಡಿ ಅಲ್ಲೋ ಬಸಣ್ಣಾ, ಕೈ ಜಡ ಆಗೇತಿ.”

ಹೋದ ವರ್ಷ ರಾಮದುರ್ಗದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಅವಳ ಬಲ ಮಣಿಕಟ್ಟು ಮುರಿದಿತ್ತು, ಒಳಗೆ ಪ್ಲೇಟು ಹಾಕಿದ್ದಾರೆ. ಪಟ್ಟಿ ಬಿಚ್ಚಿದ ಮೇಲೆ ಎಲ್ಲ ಸರಿಯಾಗಿದೆ ಎಂದಿದ್ದಳು, ನಾನೂ ನಂಬಿದ್ದೆ. ನಡುಕ ಹೆಚ್ಚಾದರೆ ಬೆರಳು ಜೋಮು ಹಿಡಿಯುತ್ತವೆ ಎಂದು ಈಗ ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ದರ ಕಿತ್ತೂರ ಅರ್ಜುನನ್ನ ಕುಂದರಸ್ತಿದ್ರಿ. ದವಾಖಾನಿಯೊಳಗ ನೀವ ಅಂದಿದ್ರೆಲ್ಲ, ಎತ್ತ ಕುಂಟಾದ್ರ ಹೊಲದಾಗ ಗಳೇ ನಿಂದ್ರಂಗಿಲ್ಲ, ಬ್ಯಾರೆ ಎತ್ತ ಹೂಡತೇವಿ ಅಂತ.”

ಅಂದಿರಬಹುದು. ನನ್ನ ಬಾಯಿಂದ ದಿನಕ್ಕೆ ಏನೇನೋ ಬರುತ್ತದೆ, ಎಲ್ಲ ನೆನಪಿಡಲು ಆಗುತ್ತದೆಯೇ?

ನಾನು ಅಲ್ಲಿ ನಿಲ್ಲದೆ ಗಾಯರಾಣದಲ್ಲಿ ನಡೆದೆ. ಅರ್ಜುನನೂ ರೇಸಿನವನೇ, ಆ ಸೀಟಿಗಾಗಿ ಫೋನು ಮಾಡುತ್ತಲೇ ಇರುತ್ತಾನೆ. ಅವನ ಕೈ ಗಟ್ಟಿ. ಈ ಹಗುರಾದ ಎಂಜಿನ್ನಿಗೆ ಅವನು ಸಿಕ್ಕರೆ ಭಾನುವಾರ ನಮ್ಮದೇ. ಶಾಫ್ಟು ಹೊರಗೆ ಉಳಿದರೆ ನೀಲಾ ಹೊರಗೆ, ಒಳಗೆ ಹೋದರೆ ಗೆಲುವು ಅನುಮಾನ. ಹೀಗೆ ಲೆಕ್ಕ ಹಾಕುತ್ತ ದೂರದ ತಿರುವಿಗೆ ಬಂದಾಗ ಟೈರಿನ ಗುರುತು ಕಣ್ಣಿಗೆ ಬಿತ್ತು. ಮೂರು ಸುತ್ತು ಹಾಕಿದ್ದಾಳೆ, ತಿರುವಿನಲ್ಲಿ ಗುರುತು ಒಂದೇ. ಕೂರಿಗೆ ಹಿಡಿದು ಬಿತ್ತಿದ ಸಾಲಿನ ಹಾಗೆ ಅಚ್ಚುಕಟ್ಟಾಗಿ ಮೂರೂ ಒಂದರ ಮೇಲೊಂದು ಕುಳಿತಿವೆ. ಕೊನೆಯದನ್ನು ಅವಳು ಸತ್ತ ಕೈಯಿಂದ ಎಳೆದಿದ್ದಾಳೆ. ಅರ್ಜುನ ಇದೇ ಗಾಯರಾಣದಲ್ಲಿ ಓಡಿಸಿದ್ದನ್ನು ನೋಡಿದ್ದೇನೆ, ಸಂತೆಗೆ ಹೋದ ಕುರಿ ಹಿಂಡಿನಂತೆ ಅಡ್ಡಾದಿಡ್ಡಿ ಗುರುತು.

ತಿರುಗಿ ಬಂದು ಸತ್ಯಪ್ಪನಿಗೆ, ಶಾಫ್ಟು ಒಳಗೆ ಹಾಕು ಎಂದೆ. ಅವನು ನಕ್ಕದ್ದಕ್ಕೆ ಅವನನ್ನೂ ಬೈದೆ.

ತೆಗೆಯುವುದು ಸುಲಭ, ಕೂರಿಸುವುದು ಕಷ್ಟ. ಒಂದು ಶಾಫ್ಟು ಅರ್ಧ ಸುತ್ತು ತಪ್ಪಿ ಕುಳಿತರೂ ಹೊರಗಿನ ಗುರುತುಗಳು ಸರಿಯಾಗಿಯೇ ಕಾಣುತ್ತವೆ. ಆಮೇಲೆ ಎಂಜಿನ್ ಶಾಫ್ಟೇ ಇಲ್ಲದಾಗಿನಕ್ಕಿಂತ ಹೆಚ್ಚು ನಡುಗುತ್ತದೆ. ಅದಕ್ಕೆ ಎಂಜಿನ್ನಿನ ಪಕ್ಕದ ತೂತಿನಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಹಾಕಿ ನೋಡಬೇಕು. ಆಳಕ್ಕೆ ಇಳಿದರೆ ಸರಿ, ಅರ್ಧಕ್ಕೆ ತಡೆದರೆ ತಪ್ಪು. ನನಗೆ ಅವಸರ. ಗುರುತು ಕೂಡಿವೆ, ಮುಚ್ಚಿಬಿಡೋಣ ಎಂದೆ. ಸತ್ಯಪ್ಪ ಸ್ಕ್ರೂಡ್ರೈವರ್ ಕೈಗಿಟ್ಟ. ಹಾಕಿದೆ. ಅರ್ಧಕ್ಕೆ ತಡೆಯಿತು. ಬಿಚ್ಚಿ, ತಿರುಗಿಸಿ, ಮತ್ತೆ ಹಾಕಿದೆ. ಈ ಸಲ ಆಳಕ್ಕೆ ಇಳಿಯಿತು. ಸಣ್ಣ ಬೆಲ್ಟು ಮಾತ್ರ ಹೊಸದು ಹಾಕಿಸಿದೆ.

ನೀಲಾ ಸೀಟಿನಲ್ಲಿ ಕುಳಿತು ಎಂಜಿನ್ ಚಾಲೂ ಮಾಡಿ ವೇಗ ಏರಿಸಿದಳು. ಬಲಗೈ ಸ್ಟೇರಿಂಗ್ ಮೇಲಿತ್ತು. ಬಹಳ ಹೊತ್ತು ಹಾಗೇ ಬಿಟ್ಟೆವು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು, ಅರ್ಜುನ. ಸೀಟು ಖಾಲಿ ಇದೆಯೇ ಎಂದು ಎಂದಿನಂತೆ ಕೇಳಿದ. ನಾನು ನೀಲಾಳ ಬೆರಳುಗಳನ್ನೇ ನೋಡುತ್ತ ನಿಂತೆ. ಅವಳು ಬಲಗೈಯಿಂದಲೇ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದಳು.

“ಖಾಲಿ ಇಲ್ಲ,” ಎಂದು ಫೋನು ಇಟ್ಟೆ. ಅವಳಿಗೂ ಹೇಳಿದೆ, “ಸೋಮವಾರ ಆ ಕೈ ಡಾಕ್ಟರಿಗೆ ತೋರಸಬೇಕು. ಇಲ್ಲಂದ್ರ ಮುಂದ ಕೀಲಿ ಕೊಡಂಗಿಲ್ಲ.”

ಅವಳು ಕೀಲಿಯನ್ನು ತನ್ನ ಕಿಸೆಗೆ ಹಾಕಿಕೊಂಡು ಕೆಳಗಿಳಿದಳು.